ಮಳೆಗಾಲದ ಕೋಳಿಗೂಡಿಗೆ ಯಾವ ಹಾಸು ಒಳ್ಳೆಯದು

ಕೋಳಿ ಸಾಕಲು ಹೊರಟವರು ಗೂಡಿನ ಮಾಡು, ಬಾಗಿಲು, ಬಲೆಗಳ ಬಗ್ಗೆ ಹತ್ತು ಸಲ ವಿಚಾರಿಸುತ್ತಾರೆ. ನೆಲಕ್ಕೆ ಏನು ಹಾಸಬೇಕೆಂದು ಕೇಳುವವರು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಉಡುಪಿಯ ಕಡೆ ಕೋಳಿಯ ಆರೋಗ್ಯ ಬಹುಪಾಲು ಅದರ ಕಾಲಡಿಯಲ್ಲಿದೆ. ಆದುದರಿಂದ ಹಾಸು ಮೆತ್ತಗಿದೆಯೇ, ಅಗ್ಗವೇ ಎಂದು ನೋಡುವ ಮೊದಲು ಅದು ಎಷ್ಟು ಬೇಗ ಒಣಗುತ್ತದೆ ಎಂಬುದನ್ನು ನೋಡಬೇಕು.

ನನ್ನ ಮೊದಲ ಆಯ್ಕೆ ಭತ್ತದ ಉಮಿ. ಅದು ನೀರನ್ನು ಹೆಚ್ಚು ಹೀರುವುದಿಲ್ಲವಾದರೂ ಹೊರಮೈ ಗಟ್ಟಿಯಾಗಿರುವುದರಿಂದ ಬೇಗನೆ ಮುದ್ದೆ ಕಟ್ಟುವುದಿಲ್ಲ, ಕೆದಕಿದರೆ ಗಾಳಿಯಾಡಿ ಒಣಗುತ್ತದೆ. ಮರದ ಮಿಲ್ಲಿನ ನುಣ್ಣನೆಯ ಹುಡಿ ಚೆನ್ನಾಗಿ ಹೀರುತ್ತದೆ. ಆದರೆ ಒದ್ದೆಯಾದರೆ ಪದರಪದರವಾಗಿ ಗಟ್ಟಿಯಾಗುತ್ತದೆ, ಒಣಗಿದರೆ ಧೂಳೇಳುತ್ತದೆ, ಎಳೆಯ ಮರಿಗಳು ಅದನ್ನು ಆಹಾರವೆಂದು ಹೆಕ್ಕುವುದೂ ಉಂಟು. ಬಡಗಿ ಮರ ಕೀಸುವಾಗ ಸುರುಳಿಯಾಗಿ ಬೀಳುವ ಸಿಪ್ಪೆ ಇದಕ್ಕಿಂತ ಎಷ್ಟೋ ಉತ್ತಮ. ಎರಡು ಪಾಲು ಉಮಿಗೆ ಒಂದು ಪಾಲು ಸಿಪ್ಪೆ ಬೆರೆಸಿ ಹಾಸುವುದು ನನ್ನ ರೂಢಿ. ಪಾಲಿಶ್ ಅಥವಾ ಗೆದ್ದಲಿನ ಮದ್ದು ತಾಗಿದ ಮರದ ಸಿಪ್ಪೆಯನ್ನು ಮಾತ್ರ ಗೂಡಿನ ಹತ್ತಿರವೂ ತರಬೇಡಿ.

ಬೈಹುಲ್ಲಿನ ವಿಷಯದಲ್ಲಿ ನನಗೆ ಕಹಿ ಅನುಭವವಿದೆ. ಒಂದು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ಉಮಿ ಮುಗಿದಾಗ ಅಟ್ಟದ ಮೇಲಿದ್ದ ಹುಲ್ಲನ್ನೇ ಕತ್ತರಿಸಿ ಹಾಸಿದ್ದೆ. ಮೇಲಿನ ಎಳೆಗಳು ಹೊಂಬಣ್ಣದಲ್ಲಿದ್ದವು. ಕಟ್ಟಿನ ನಡುವೆ ಬೂದು ಬಣ್ಣದ ಬೂಷ್ಟು ಹಿಡಿದದ್ದನ್ನು ನಾನು ಗಮನಿಸಲಿಲ್ಲ. ವಾರದೊಳಗೆ ಮರಿಗಳು ಕೊಕ್ಕು ತೆರೆದು ಏದುಸಿರು ಬಿಡತೊಡಗಿದವು, ಏಳು ಮರಿಗಳು ಉಳಿಯಲಿಲ್ಲ. ಬೂಷ್ಟಿನ ಕಣಗಳು ಶ್ವಾಸಕೋಶದಲ್ಲಿ ಬೇರೂರುತ್ತವೆ ಎಂದು ಪಶುವೈದ್ಯರು ತಿಳಿಸಿದ ಮೇಲೆ, ಹುಲ್ಲಿನ ಕಟ್ಟನ್ನು ಬಿಚ್ಚಿ, ಮೂಸಿ ನೋಡದೆ ಹಾಸಿದವಳಲ್ಲ.

ಮರಿಗಳಿಗೆ ಎರಡು ಅಂಗುಲ ದಪ್ಪ ಸಾಕು, ದೊಡ್ಡ ಕೋಳಿಗಳಿಗೆ ನಾಲ್ಕರಿಂದ ಆರು ಅಂಗುಲ ಬೇಕು. ತೇವ ತಿಳಿಯಲು ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಒತ್ತಿ ಬಿಡಿ: ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ, ಸ್ವಲ್ಪವೂ ಕೂಡಿಕೊಳ್ಳದಿದ್ದರೆ ತೀರಾ ಒಣಗಿದೆ, ಒಮ್ಮೆ ಕೂಡಿ ನಿಧಾನವಾಗಿ ಬಿಚ್ಚಿಕೊಂಡರೆ ಹದವಾಗಿದೆ. ಲೆಕ್ಕದಲ್ಲಿ ಹೇಳುವುದಾದರೆ ಶೇಕಡಾ 20ರಿಂದ 25ರಷ್ಟು ತೇವಾಂಶ ಸರಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕೋಳಿಯ ತಲೆಯ ಎತ್ತರಕ್ಕೆ ಬಗ್ಗಿ ಉಸಿರೆಳೆಯಿರಿ. ಕಣ್ಣು ಉರಿದರೆ ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ತುಂಬಿದೆ ಎಂದು ತಿಳಿಯಬೇಕು, ಏಕೆಂದರೆ ನಿಂತವರ ಮೂಗಿಗೆ ಬರುವ ಮೊದಲೇ ಅದು ಕೋಳಿಗಳನ್ನು ಕಾಡುತ್ತದೆ. ಬಿಸಿಯೂ ತೇವವೂ ಸೇರಿದ ಹಾಸಿನಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್ ರೋಗಾಣು ಬಲಿಯುವುದರಿಂದ, ನೀರಿನ ಪಾತ್ರೆಯ ಸುತ್ತ ಒದ್ದೆಯಾದ ಭಾಗವನ್ನು ದಿನವೂ ತೆಗೆದು ಹೊಸ ಉಮಿ ಹಾಕಬೇಕು. ಮಳೆಗಾಲದಲ್ಲಿ ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ವಾರಕ್ಕೆರಡು ಬಾರಿ ಕೆದಕಿದರೆ ಸಾಕು.

ಕುಚ್ಚಲಕ್ಕಿ ಮಿಲ್ಲಿನವರು ಭತ್ತ ಬೇಯಿಸಲು ಉಮಿಯನ್ನೇ ಉರಿಸುವುದರಿಂದ ಮಳೆ ಹಿಡಿದ ಮೇಲೆ ಕೇಳಿದರೆ ಸಿಗದೆ ಹೋಗಬಹುದು. ಮೇ ತಿಂಗಳಲ್ಲೇ ತಂದು, ಬಿಸಿಲಿಗೆ ಹರಡಿ, ಗೋಣಿಗಳಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಟ್ಟುಕೊಳ್ಳಿ.