ವಿಲ್ಟ್‌ಶೈರಿಗೆ ಹೊಸಬರೇ? ಕಲ್ಲು, ಕುದುರೆ, ಕೆರೆಯ ಕಥೆಗಳು

ಜಿಪಿ (ಏರಿಯಾ ಡಾಕ್ಟರ್) ರಿಜಿಸ್ಟ್ರೇಷನ್, ಕೌನ್ಸಿಲ್ ಟ್ಯಾಕ್ಸ್, ಮಕ್ಕಳ ಶಾಲೆಯ ವಿಷಯವೆಲ್ಲ ಈ ಮಾರ್ಗದರ್ಶಿಯ ಹಿಂದಿನ ಭಾಗಗಳಲ್ಲಿದೆ. ಅದೆಲ್ಲ ಒಂದು ಹದಕ್ಕೆ ಬಂದ ಮೇಲೆ ಶನಿವಾರ ಬೆಳಗ್ಗೆ ಎಲ್ಲರ ಮನೆಯಲ್ಲೂ ಒಂದೇ ಪ್ರಶ್ನೆ: ಇವತ್ತು ಎಲ್ಲಿಗೆ ಹೋಗೋಣ? ಹೊಸಬರು ಸಾಮಾನ್ಯವಾಗಿ ಸ್ವಿಂಡನ್ ಸ್ಟೇಷನ್ನಿಗೆ ಹೋಗಿ ಲಂಡನ್ ರೈಲು ಹತ್ತುತ್ತಾರೆ. ಹೋಗಿಬನ್ನಿ, ಬೇಡ ಅನ್ನುವುದಿಲ್ಲ. ಆದರೆ ನೀವು ಬಂದಿರುವ ಇಂಗ್ಲೆಂಡಿನ ಈ ಕೌಂಟಿಯಲ್ಲೇ (ನಮ್ಮ ಜಿಲ್ಲೆ ಇದ್ದಂತೆ) 5,000 ವರ್ಷ ಹಳೆಯ ಜಾಗಗಳಿವೆ, ಅವುಗಳಲ್ಲಿ ಸುಮಾರಿಗೆ ಟಿಕೆಟ್ಟೂ ಇಲ್ಲ. ಇನ್ನೊಂದು ಲಾಭವೂ ಇದೆ. ಇಲ್ಲಿಯ ಅಕ್ಕಪಕ್ಕದವರ ಜೊತೆ ಮಾತು ಮಳೆಯಿಂದ ಶುರುವಾಗಿ ಮಳೆಯಲ್ಲೇ ಮುಗಿಯುತ್ತದೆ. ಅದರ ಬದಲು ‘ಮೂನ್‌ರೇಕರ್ ಅಂದರೆ ಯಾರು?’ ಅಂತ ಕೇಳಿ ನೋಡಿ. ಬೇಲಿಯ ಆಚೆಯ ಅಜ್ಜ ಅರ್ಧ ಗಂಟೆ ಬಿಡುವುದಿಲ್ಲ.

ಚಂದ್ರನನ್ನು ಕೆರೆದವರು

ಆ ಕಥೆ ನಿಮಗೂ ಗೊತ್ತಿರಲಿ. ಹಿಂದೆ ಇಂಗ್ಲೆಂಡಿನಲ್ಲಿ ಹೊರದೇಶದ ಬ್ರಾಂದಿಗೆ ಭಾರಿ ಸುಂಕ. ಹಾಗಾಗಿ ಕಳ್ಳಸಾಗಣೆಯೂ ಜೋರು. ವಿಲ್ಟ್‌ಶೈರಿನ ಕೆಲವರು ಬ್ರಾಂದಿ ಪೀಪಾಯಿಗಳನ್ನು ಊರ ಕೆರೆಯಲ್ಲಿ ಮುಳುಗಿಸಿ ಬಚ್ಚಿಟ್ಟಿದ್ದರು. ಒಂದು ಬೆಳದಿಂಗಳ ರಾತ್ರಿ ಉದ್ದನೆಯ ಕುಂಟೆ (ರೇಕ್) ಹಾಕಿ ಅವನ್ನು ದಡಕ್ಕೆ ಎಳೆಯುತ್ತಿದ್ದಾಗ ಸುಂಕದವರು ಬಂದುಬಿಟ್ಟರು. ‘ಏನು ಮಾಡ್ತಿದ್ದೀರಿ?’ ಅಂದರು. ನೀರಿನಲ್ಲಿ ಹುಣ್ಣಿಮೆ ಚಂದ್ರನ ಬಿಂಬ. ಒಬ್ಬ ಅದನ್ನೇ ತೋರಿಸಿ, ‘ನೋಡಿ ಸ್ವಾಮಿ, ಎಷ್ಟು ದೊಡ್ಡ ಚೀಸ್ ಬಿದ್ದಿದೆ, ಎಳೆದುಕೊಳ್ತಿದ್ದೀವಿ’ ಅಂದ. ಸುಂಕದವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಎಂಥ ಬೆಪ್ಪರಪ್ಪ ಅಂದುಕೊಂಡು ಕುದುರೆ ತಿರುಗಿಸಿ ಹೋದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನೂ ಗಿಟ್ಟುವುದಿಲ್ಲ ಅಂತ ನಮ್ಮ ಗಾದೆ. ಇವರು ಪೆದ್ದುತನ ಹೇಳಿಕೊಂಡು ಸರಕು ಉಳಿಸಿಕೊಂಡರು!

1787ರಲ್ಲೇ ಅಚ್ಚಾದ ಕಥೆ ಇದು. ಇಂದಿಗೂ ಇಲ್ಲಿ ಹುಟ್ಟಿದವರು ತಮ್ಮನ್ನು ಮೂನ್‌ರೇಕರ್ಸ್ ಅಂತ ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಆ ಕೆರೆ ಡಿವೈಸಸ್ ಊರಿನ ಕ್ರ್ಯಾಮರ್ ಅಂತ ಜಾಸ್ತಿ ಜನ ಹೇಳುತ್ತಾರೆ. ಬಿಷಪ್ಸ್ ಕ್ಯಾನಿಂಗ್ಸ್ ಹಳ್ಳಿಯವರು ಮಾತ್ರ ‘ಅಲ್ಲ, ನಮ್ಮದು’ ಅನ್ನುತ್ತಾರೆ. ನೀವು ಎರಡೂ ಕಡೆ ತಲೆಯಾಡಿಸಿ.

ಡಿವೈಸಸ್‌ಗೆ ಹೋದವರು ಮಾರ್ಕೆಟ್ ಚೌಕದ ಕಲ್ಲಿನ ಕ್ರಾಸ್ ಹತ್ತಿರ ಎರಡು ನಿಮಿಷ ನಿಲ್ಲಿ. ಅದರ ಮೇಲೆ ಒಂದು ನಡೆದ ಸಂಗತಿ ಕೆತ್ತಿದೆ. 1753ರ ಜನವರಿಯಲ್ಲಿ ರೂತ್ ಪಿಯರ್ಸ್ ಅನ್ನುವ ಹೆಂಗಸು ಇನ್ನೂ ಕೆಲವು ಹೆಂಗಸರ ಜೊತೆ ಸೇರಿ ಒಂದು ಚೀಲ ಗೋಧಿ ಕೊಂಡಳು. ದುಡ್ಡು ಎಣಿಸಿದರೆ ಕಡಿಮೆ. ತನ್ನ ಪಾಲು ಕೊಟ್ಟಾಗಿದೆ, ಕೊಟ್ಟಿಲ್ಲದಿದ್ದರೆ ಇಲ್ಲೇ ಬಿದ್ದು ಸಾಯಲಿ ಅಂದಳು. ಆಮೇಲೂ ಅದೇ ಮಾತು ಆಡಿದಳು. ಅಲ್ಲೇ ಬಿದ್ದು ಸತ್ತಳು. ದುಡ್ಡು ಅವಳ ಕೈಯಲ್ಲೇ ಇತ್ತು. ಧರ್ಮಸ್ಥಳದ ಆಣೆ ಅಂದರೆ ಬೆಚ್ಚುವ ನಮ್ಮಂಥವರಿಗೆ ಈ ಕಲ್ಲು ಓದಿದ ಕೂಡಲೇ ಅರ್ಥವಾಗುತ್ತದೆ.

ಅದೇ ಊರಿನ ಅಂಚಿನಲ್ಲಿ ಕಾಲುವೆಯ ಕೇನ್ ಹಿಲ್ ಲಾಕ್ಸ್ ಇದೆ. ದೋಣಿಗಳು ಗುಡ್ಡ ಹತ್ತಲು ಕಟ್ಟಿದ 29 ಲಾಕ್‌ಗಳು (ನೀರು ತುಂಬಿಸಿ ದೋಣಿಯನ್ನು ಮೇಲೆತ್ತುವ ಗೇಟಿನ ತೊಟ್ಟಿಗಳು), ಅದರಲ್ಲಿ 16 ಒಂದರ ಮೇಲೊಂದು ಸಾಲಾಗಿ. 1810ರ ಕಾಮಗಾರಿ. ಮೇಲೆ ಬರಲು ದೋಣಿಗೆ ಐದಾರು ಗಂಟೆ ಬೇಕು. ನಡೆಯುವವರು ಪಕ್ಕದ ದಾರಿಯಲ್ಲಿ ಆರಾಮಾಗಿ ಅವರನ್ನು ಹಿಂದೆ ಹಾಕುತ್ತಾರೆ. ಮಗುವಿನ ಪುಶ್‌ಚೇರ್ ತಳ್ಳಿಕೊಂಡೂ ಹೋಗಬಹುದು.

ಮೊದಲು ಏವ್‌ಬರಿ, ಆಮೇಲೆ ಸ್ಟೋನ್‌ಹೆಂಜ್

ಎಲ್ಲರೂ ಸ್ಟೋನ್‌ಹೆಂಜ್ ಅನ್ನುವ ಹೆಸರಾಂತ ಹಳೆಯ ಕಲ್ಲಿನ ವೃತ್ತದ ಕಡೆ ಓಡುತ್ತಾರೆ. ನಮ್ಮ ಸಲಹೆ ಏವ್‌ಬರಿ ಮೊದಲು. ಪ್ರಪಂಚದಲ್ಲೇ ದೊಡ್ಡ ಕಲ್ಲಿನ ವೃತ್ತ ಇದು. ವೃತ್ತದ ಒಳಗೇ ಊರಿನ ಒಂದು ಭಾಗ, ಪಬ್ಬು, ನಡುವೆ ಹಾದುಹೋಗುವ ಟಾರು ರಸ್ತೆ. ಕಲ್ಲುಗಳನ್ನು ಮುಟ್ಟಬಹುದು, ಒರಗಿ ಕೂತು ಬುತ್ತಿ ಬಿಚ್ಚಬಹುದು. ಪ್ರವೇಶ ಉಚಿತ, ನ್ಯಾಷನಲ್ ಟ್ರಸ್ಟ್ ಕಾರ್ ಪಾರ್ಕಿಗೆ ಮಾತ್ರ ದುಡ್ಡು. ಸ್ವಿಂಡನ್‌ನಿಂದ ಡಿವೈಸಸ್ ಕಡೆಗೆ ಹೋಗುವ 49 ನಂಬರ್ ಬಸ್ ಊರ ಮಧ್ಯದಲ್ಲೇ ಇಳಿಸುತ್ತದೆ. ಕುರಿಗಳು ಮೇಯುತ್ತಿರುತ್ತವೆ, ಆದ್ದರಿಂದ ಒಳ್ಳೆಯ ಚಪ್ಪಲಿ ಹಾಕಿಕೊಂಡು ಹೋಗಬೇಡಿ.

ರಸ್ತೆ ಪಕ್ಕದ ಭಾರಿ ಕಲ್ಲಿಗೆ ಸ್ವಿಂಡನ್ ಸ್ಟೋನ್ ಅಂತ ಹೆಸರು. 60 ಟನ್ನಿಗೂ ಹೆಚ್ಚು ತೂಕ. ನಡುರಾತ್ರಿ 12 ಹೊಡೆದಾಗ ಅದು ಎದ್ದು ರಸ್ತೆ ದಾಟುತ್ತದಂತೆ. ಇನ್ನೊಂದು ಕಲ್ಲು ‘ಸೈತಾನನ ಕುರ್ಚಿ’. ಅದನ್ನು ಅಪ್ರದಕ್ಷಿಣೆಯಾಗಿ 100 ಸುತ್ತು ಓಡಿದರೆ ಸೈತಾನ ಎದ್ದು ಬರುತ್ತಾನೆ ಅನ್ನುತ್ತಾರೆ. ಮಕ್ಕಳಿಗೆ ಹೇಳಿ ಬಿಟ್ಟುಬಿಡಿ. ಹತ್ತು ಸುತ್ತಿಗೇ ಸುಸ್ತಾಗಿ, ಸಂಜೆ ತೆಪ್ಪಗೆ ಮಲಗುತ್ತಾರೆ.

ಈ ಕಲ್ಲುಗಳ ಬಗ್ಗೆ ಹಿಂದೆ ಭಯವೂ ಇತ್ತು. 14ನೇ ಶತಮಾನದಲ್ಲಿ ಜನ ಅವನ್ನು ಉರುಳಿಸಿ ಹೂಳುತ್ತಿದ್ದರು. 1938ರಲ್ಲಿ ಅಗೆದಾಗ ಒಂದು ಕಲ್ಲಿನ ಕೆಳಗೆ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಜೊತೆಗೆ ಒಂದು ಕತ್ತರಿ ಮತ್ತು ಬೆಳ್ಳಿ ನಾಣ್ಯಗಳು. ಊರೂರು ತಿರುಗುವ ಕ್ಷೌರಿಕ-ವೈದ್ಯ ಇರಬೇಕು, ಕಲ್ಲು ಮೇಲೆ ಬಿದ್ದು ಸತ್ತಿರಬೇಕು ಅಂತ ಬಹಳ ಕಾಲ ನಂಬಿದ್ದರು. ಆ ಕಲ್ಲಿಗೆ ಈಗಲೂ ಬಾರ್ಬರ್ ಸ್ಟೋನ್ ಅಂತಲೇ ಹೆಸರು.

ಅಲ್ಲಿಂದ ಸ್ವಲ್ಪ ನಡೆದರೆ ಸಿಲ್ಬರಿ ಹಿಲ್. ನೋಡಲು ಸಾಮಾನ್ಯ ಗುಡ್ಡ. ಆದರೆ ಪೂರ್ತಿ ಮನುಷ್ಯರೇ ಸುರಿದ ಮಣ್ಣು ಮತ್ತು ಸುಣ್ಣಕಲ್ಲು, ಸುಮಾರು 4,400 ವರ್ಷದ ಹಿಂದೆ. ಯಾಕೆ ಕಟ್ಟಿದರೋ ಯಾರಿಗೂ ಗೊತ್ತಿಲ್ಲ. ಸಿಲ್ ಅನ್ನುವ ರಾಜ ಚಿನ್ನದ ಕವಚ ತೊಟ್ಟು ಕುದುರೆ ಮೇಲೆ ಕೂತಂತೆಯೇ ಒಳಗಿದ್ದಾನೆ ಅನ್ನುವ ಆಸೆಗೆ ಹಲವರು ಸುರಂಗ ತೋಡಿದರು. ರಾಜನೂ ಸಿಗಲಿಲ್ಲ, ಚಿನ್ನವೂ ಸಿಗಲಿಲ್ಲ. ನನಗೆ ಇಷ್ಟವಾದದ್ದು ಚಮ್ಮಾರನ ಕಥೆ. ಸೈತಾನ ಒಂದು ಊರನ್ನೇ ಮುಚ್ಚಿಹಾಕಲು ಮಣ್ಣು ಹೊತ್ತು ಬರುತ್ತಿದ್ದನಂತೆ. ದಾರಿಯಲ್ಲಿ ಎದುರಾದ ಚಮ್ಮಾರನನ್ನು ಊರು ಇನ್ನೆಷ್ಟು ದೂರ ಅಂತ ಕೇಳಿದ. ಚಮ್ಮಾರನ ಬೆನ್ನ ಮೇಲೆ ರಿಪೇರಿಗೆ ತಂದ ಹಳೆ ಬೂಟುಗಳ ಮೂಟೆ. ಅದನ್ನು ತೋರಿಸಿ, ‘ಅಲ್ಲಿಂದ ಇಲ್ಲಿಗೆ ಬರೋದ್ರೊಳಗೆ ಇಷ್ಟು ಬೂಟು ಸವೆದುಹೋದವು’ ಅಂದ. ಸೈತಾನನಿಗೆ ಸಾಕಾಗಿ ಮಣ್ಣನ್ನು ಅಲ್ಲೇ ಸುರಿದು ಹೋದ. ಆ ಗುಡ್ಡ ಹತ್ತುವುದು ನಿಷೇಧ. ರಸ್ತೆಯಿಂದಲೇ ನೋಡಿ.

ಇನ್ನು ಸ್ಟೋನ್‌ಹೆಂಜ್. ಟಿಕೆಟ್ ದುಬಾರಿ, ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದುಕೊಳ್ಳಿ. ಈ ಜಾಗ ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಸದಸ್ಯತ್ವ ಇದ್ದರೆ ಉಚಿತ. ಊರಿನಿಂದ ಅಪ್ಪ ಅಮ್ಮ ಬರುವವರಿದ್ದರೆ ಎಷ್ಟು ಸಲ ಹೋಗಬೇಕಾಗುತ್ತದೆ ಅಂತ ಲೆಕ್ಕ ಹಾಕಿ ತೀರ್ಮಾನಿಸಿ. ಹಗ್ಗದ ಆಚೆಯಿಂದ ನೋಡಬೇಕು, ಕಲ್ಲಿನ ನಡುವೆ ಹೋಗುವಂತಿಲ್ಲ. ಆದರೆ ಜೂನ್‌ನಲ್ಲಿ ಹಗಲು ಅತಿ ಉದ್ದವಾದ ದಿನ ಮತ್ತು ಡಿಸೆಂಬರ್‌ನಲ್ಲಿ ಅತಿ ಚಿಕ್ಕದಾದ ದಿನ ಸೂರ್ಯೋದಯಕ್ಕೆ ಒಳಗೇ ಬಿಡುತ್ತಾರೆ, ಅದೂ ಪುಕ್ಕಟೆ. ಜೂನ್‌ನಲ್ಲಿ ಜಾತ್ರೆಯಷ್ಟು ಜನ. ಚಿಕ್ಕ ಮಕ್ಕಳಿದ್ದರೆ ಡಿಸೆಂಬರ್ ವಾಸಿ, ಸೂರ್ಯ ಎಂಟರ ಮೇಲೆ ಏಳುತ್ತಾನೆ.

ದೊಡ್ಡ ಕಲ್ಲುಗಳು 25 ಕಿಲೋಮೀಟರ್ ದೂರದ ಕಾಡಿನಿಂದ ಬಂದವು. ಚಿಕ್ಕವು ವೇಲ್ಸ್‌ನಿಂದ, 200 ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಮಲಗಿರುವ ಆರು ಟನ್ನಿನ ಕಲ್ಲು ಸ್ಕಾಟ್ಲೆಂಡಿನ ಉತ್ತರದ್ದು ಅಂತ 2024ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಚಕ್ರದ ಗಾಡಿ ಇಲ್ಲದ ಕಾಲದಲ್ಲಿ, ಅಷ್ಟು ದೂರ! 1915ರಲ್ಲಿ ಈ ಇಡೀ ಜಾಗ ಸಾಲ್ಸ್‌ಬರಿಯಲ್ಲಿ ಹರಾಜಾಯಿತು. ಸಿಸಿಲ್ ಚಬ್ ಅನ್ನುವ ವಕೀಲ 6,600 ಪೌಂಡಿಗೆ ಕೊಂಡ. ಹೆಂಡತಿ ಕುರ್ಚಿ ತರಲು ಕಳಿಸಿದ್ದಳು, ಇವನು ಸ್ಟೋನ್‌ಹೆಂಜ್ ಕೊಂಡು ಬಂದ ಅಂತ ಜನ ನಗುತ್ತಾರೆ. ಮೂರು ವರ್ಷದಲ್ಲಿ ದೇಶಕ್ಕೇ ದಾನ ಕೊಟ್ಟ. ಸುತ್ತಲಿನ ಊರಿನವರಿಗೆ ಉಚಿತ ಪ್ರವೇಶ ಇಂದಿಗೂ ಇದೆ. ಏಮ್ಸ್‌ಬರಿ ಕಡೆ ಮನೆ ಮಾಡಿದವರು ಪಾಸ್ ಸಿಗುತ್ತದಾ ಅಂತ ವಿಚಾರಿಸಿ. ಇಯರ್ ತ್ರೀ ಮಕ್ಕಳಿಗೆ ಸಾಮಾನ್ಯವಾಗಿ ಶಿಲಾಯುಗದ ಪಾಠ ಬರುತ್ತದೆ, ಆಗ ಕರೆದುಕೊಂಡು ಹೋದರೆ ಹೋಮ್‌ವರ್ಕೂ ಮುಗಿಯುತ್ತದೆ.

ಗುಡ್ಡದ ಮೇಲಿನ ಬಿಳಿ ಕುದುರೆಗಳು

ಕಾರಿನಲ್ಲಿ ಹೋಗುವಾಗ ಹಸಿರು ಗುಡ್ಡದ ಮೇಲೆ ದೊಡ್ಡ ಬಿಳಿ ಕುದುರೆ ಕಂಡರೆ ಅದು ಜಾಹೀರಾತಲ್ಲ. ಇಲ್ಲಿಯ ಮಣ್ಣಿನಡಿ ಸೀಮೆಸುಣ್ಣದಂಥ ಬಿಳಿ ಕಲ್ಲು. ಮೇಲಿನ ಹುಲ್ಲು ಕೆತ್ತಿ ತೆಗೆದರೆ ಚಿತ್ರ ಮೂಡುತ್ತದೆ. ಇಂಥ ಎಂಟು ಕುದುರೆಗಳು ಈ ಕೌಂಟಿಯಲ್ಲಿ ಈಗಲೂ ಕಾಣುತ್ತವೆ. ಚೆರಿಲ್ ಕುದುರೆಯನ್ನು 1780ರಲ್ಲಿ ಒಬ್ಬ ಡಾಕ್ಟರ್ ಮಾಡಿಸಿದರು. ಅವರು ದೂರ ನಿಂತು ಮೆಗಾಫೋನಿನಲ್ಲಿ ‘ಎಡಕ್ಕೆ, ಬಲಕ್ಕೆ’ ಅಂತ ಕೂಗುತ್ತಿದ್ದರು, ಆಳುಗಳು ಕೆತ್ತುತ್ತಿದ್ದರು. ಆಲ್ಟನ್ ಬಾರ್ನ್ಸ್ ಕುದುರೆಯದು ಬೇರೆ ಫಜೀತಿ. 1812ರಲ್ಲಿ ರೈತನೊಬ್ಬ ಪೇಂಟರ್‌ಗೆ 20 ಪೌಂಡ್ ಮುಂಗಡ ಕೊಟ್ಟ. ಅವನು ಕೆಲಸವನ್ನು ಬೇರೆಯವನ ತಲೆಗೆ ಕಟ್ಟಿ ದುಡ್ಡಿನ ಜೊತೆ ಪರಾರಿ. ಕಾಂಟ್ರಾಕ್ಟರ್‌ಗಳು ಎಲ್ಲ ಕಾಲದಲ್ಲೂ ಹೀಗೇ ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತು ಸಿಗಬಾರದು ಅಂತ ಈ ಕುದುರೆಗಳನ್ನು ಮುಚ್ಚಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ಮೊದಲು ಕುದುರೆ ಕಂಡವರಿಗೆ ಚಾಕೊಲೇಟ್ ಅಂತ ಪಂದ್ಯ ಕಟ್ಟಿ.

ಸಾಲ್ಸ್‌ಬರಿ, ಮತ್ತು ಒಂದು ವಜ್ರ

ಬೋರ್ಡಿನಲ್ಲಿ ಅಕ್ಷರ ಜಾಸ್ತಿ ಇದ್ದರೂ ಬಾಯಲ್ಲಿ ಸಾಲ್ಸ್‌ಬರಿ. ಕೆಥೀಡ್ರಲ್‌ನ 123 ಮೀಟರ್ ಗೋಪುರ ಬ್ರಿಟನ್ನಿನ ಚರ್ಚುಗಳಲ್ಲೇ ಎತ್ತರ. ಇಷ್ಟೊಂದು ಭಾರ ಹೊತ್ತ ಕಟ್ಟಡದ ತಳಪಾಯ ಒಂದೂಕಾಲು ಮೀಟರಿನಷ್ಟೇ, ಕೆಳಗೆ ನೀರು ತುಂಬಿದ ಜಲ್ಲಿಯ ನೆಲ. ನೀರು ಎಷ್ಟಿದೆ ಅಂತ ನೋಡಲು ನೆಲದ ಒಂದು ತೂತಿಗೆ ಕೋಲು ಇಳಿಸುತ್ತಾರೆ. ಒಳಗೆ 1386ರದ್ದು ಅನ್ನುವ ಗಡಿಯಾರವಿದೆ. ಮುಳ್ಳಿಲ್ಲ, ಮುಖವಿಲ್ಲ, ಗಂಟೆ ಹೊಡೆಯುವುದಕ್ಕಷ್ಟೇ ಮಾಡಿದ್ದು. ರಾಜನ ಅಧಿಕಾರಕ್ಕೆ ಕಡಿವಾಣ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಒಪ್ಪಂದದ ಉಳಿದ ನಾಲ್ಕು ಪ್ರತಿಗಳಲ್ಲಿ ಒಂದು ಇಲ್ಲೇ ಇದೆ.

ಊರ ಹೊರಗಿನ ಓಲ್ಡ್ ಸೇರಮ್ ಹಳೆಯ ಕೋಟೆದಿಬ್ಬ. ಜನ 13ನೇ ಶತಮಾನದಲ್ಲೇ ಕೆಳಗಿಳಿದು ಈಗಿನ ಊರು ಕಟ್ಟಿಕೊಂಡರು. ಆದರೂ ಆ ಖಾಲಿ ದಿಬ್ಬ 1832ರ ತನಕ ಇಬ್ಬರು ಎಂಪಿಗಳನ್ನು ಕಳಿಸುತ್ತಿತ್ತು! ಭೂಮಿ ಯಾರದೋ ಸೀಟೂ ಅವರದೇ. ಅದನ್ನು ಕೊಂಡವರಲ್ಲಿ ಒಬ್ಬ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಪಿಟ್. ಕೃಷ್ಣಾ ತೀರದ ಕೊಲ್ಲೂರು ಗಣಿಯ ದೊಡ್ಡ ವಜ್ರವೊಂದನ್ನು ಮದ್ರಾಸಿನಲ್ಲಿ ಕೊಂಡು, 1717ರಲ್ಲಿ ಫ್ರಾನ್ಸಿನ ಅರಮನೆಗೆ ಮಾರಿದ. ವಜ್ರ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಸಂಗ್ರಹದ್ದು. ಮೊಮ್ಮಗ ವಿಲಿಯಂ ಪಿಟ್ ಇದೇ ದಿಬ್ಬದ ಸೀಟಿನಿಂದ ಪಾರ್ಲಿಮೆಂಟಿಗೆ ಹೋಗಿ ಮುಂದೆ ಪ್ರಧಾನಿಯಾದ.

ಮಾಮ್ಸ್‌ಬರಿ ಚರ್ಚಿಗೂ ಒಮ್ಮೆ ಹೋಗಿ. ಸುಮಾರು 1,000 ವರ್ಷದ ಹಿಂದೆ ಐಲ್ಮರ್ ಅನ್ನುವ ಸನ್ಯಾಸಿ ರೆಕ್ಕೆ ಕಟ್ಟಿಕೊಂಡು ಅಲ್ಲಿಯ ಗೋಪುರದಿಂದ ಹಾರಿ, 200 ಮೀಟರ್ ತೇಲಿ, ಎರಡೂ ಕಾಲು ಮುರಿದುಕೊಂಡ. ‘ಬಾಲ ಕಟ್ಟಿಕೊಳ್ಳೋದು ಮರೆತೆ’ ಅಂದನಂತೆ.

ಕೆಂಪು ಬಾವುಟ, ಬೆಳೆ, ಬೇಕರಿ

ಸಾಲ್ಸ್‌ಬರಿ ಪ್ಲೇನ್ ಅನ್ನುವ ಬಯಲು ಸೈನ್ಯದ ತರಬೇತಿ ಜಾಗ. ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡಬೇಡಿ. ಬಾವುಟ ಇಲ್ಲದಿದ್ದರೂ ಬಿದ್ದಿರುವ ಲೋಹದ ಚೂರು ಮುಟ್ಟಬೇಡಿ, ಮಕ್ಕಳಿಗೂ ಹೇಳಿಕೊಡಿ. ಅಲ್ಲಿಯ ಇಂಬರ್ ಹಳ್ಳಿಯನ್ನು 1943ರ ಡಿಸೆಂಬರ್‌ನಲ್ಲಿ ಯುದ್ಧದ ತರಬೇತಿಗೆ ಅಂತ ಖಾಲಿ ಮಾಡಿಸಿದರು. ಜನರಿಗೆ ವಾಪಸ್ ಹೋಗಲು ಆಗಲೇ ಇಲ್ಲ. ವರ್ಷದಲ್ಲಿ ಕೆಲವೇ ದಿನ ಸಾರ್ವಜನಿಕರನ್ನು ಬಿಡುತ್ತಾರೆ. ಆಗ ಅಲ್ಲಿಯ ಚರ್ಚ್ ತೆರೆದಿರುತ್ತದೆ.

ಬೇಸಿಗೆಯಲ್ಲಿ ಗೋಧಿ ಹೊಲದಲ್ಲಿ ಬಳ್ಳಿ-ಚಕ್ರದ ಚಿತ್ತಾರ ಕಾಣಿಸುತ್ತದೆ, ಕ್ರಾಪ್ ಸರ್ಕಲ್. ಬಾಹ್ಯಾಕಾಶದವರು ಮಾಡಿದ್ದು ಅಂತ ನಂಬುವವರು ಇನ್ನೂ ಇದ್ದಾರೆ. 1991ರಲ್ಲಿ ಡಗ್ ಬವರ್ ಮತ್ತು ಡೇವ್ ಚೋರ್ಲಿ ಎಂಬಿಬ್ಬರು ‘ಹಲಗೆ, ಹಗ್ಗ ಹಿಡಿದು ನಾವೇ ಮಾಡಿದ್ದು’ ಅಂತ ಒಪ್ಪಿಕೊಂಡರು. ಫೋಟೋಗೆ ಅಂತ ಬೆಳೆ ತುಳಿಯಬೇಡಿ, ರೈತನ ಅನುಮತಿ ಬೇಕು. ಕಾಲುದಾರಿಯ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ.

ಸ್ವಿಂಡನ್‌ನಲ್ಲಿ ಕಾರು ಓಡಿಸುವವರು ಮ್ಯಾಜಿಕ್ ರೌಂಡ್‌ಅಬೌಟ್ ತಪ್ಪಿಸಲಾರರು. 1972ರದ್ದು: ಒಂದು ದೊಡ್ಡ ವೃತ್ತದ ಸುತ್ತ ಐದು ಪುಟ್ಟ ವೃತ್ತಗಳು, ನಡುವಿನದರಲ್ಲಿ ಗಾಡಿಗಳು ಉಲ್ಟಾ ಸುತ್ತುತ್ತವೆ. ಇಡೀ ಚಿತ್ರ ತಲೆಯಲ್ಲಿಟ್ಟುಕೊಳ್ಳಲು ಹೋಗಬೇಡಿ. ಮುಂದಿನ ಪುಟ್ಟ ವೃತ್ತವನ್ನು ಮಾತ್ರ ನೋಡಿ, ಬಲಗಡೆಯವರಿಗೆ ದಾರಿ ಬಿಡಿ. ಮೊದಲ ಸಲ ಭಾನುವಾರ ಬೆಳಗ್ಗೆ ಹೋಗಿ ಅಭ್ಯಾಸ ಮಾಡಿ.

ಕೊನೆಗೆ ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿಯ ಬೇಕರಿಗಳಲ್ಲಿ ಒಣದ್ರಾಕ್ಷಿ ಹಾಕಿದ, ಸಕ್ಕರೆ ಪಾಕ ಮೆತ್ತಿದ, ಪದರ ಪದರವಾದ ಲಾರ್ಡಿ ಕೇಕ್ ಇರುತ್ತದೆ. ವಿಲ್ಟ್‌ಶೈರಿನ ಹೆಮ್ಮೆಯ ತಿಂಡಿ. ಅದರಲ್ಲಿರುವುದು ಬೆಣ್ಣೆಯಲ್ಲ, ಹಂದಿ ಕೊಬ್ಬು. ಪಕ್ಕದ ಮನೆಯವರು ಪ್ರೀತಿಯಿಂದ ತಂದುಕೊಟ್ಟರೆ ಥ್ಯಾಂಕ್ಸ್ ಹೇಳಿ, ‘ನಾವು ಮಾಂಸ ತಿನ್ನಲ್ಲ’ ಅಂತ ಅಲ್ಲೇ ಹೇಳಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.