ಎಡಿಎಚ್‌ಡಿ ಇರುವವರು ಬೇರೆ ದೇಶಕ್ಕೆ ಹೋಗಿ ನೆಲೆಸುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಯಾವ ದೇಶಕ್ಕೆ ಹೋದರೂ ಜೊತೆಯಲ್ಲೇ ಬರುತ್ತದೆ. ಆದರೆ ಅದನ್ನು ಗುರುತಿಸುವ ಕ್ರಮ, ಔಷಧ ಕೊಡುವ ನಿಯಮ, ಶಾಲೆ ಮತ್ತು ಕಚೇರಿಗಳಲ್ಲಿ ಸಿಗುವ ಅನುಕೂಲಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಆದ್ದರಿಂದ ಟಿಕೆಟ್ ತೆಗೆಸುವುದಕ್ಕೂ ಮೊದಲೇ ಈ ಸಿದ್ಧತೆಯನ್ನು ಆರಂಭಿಸುವುದು ಒಳ್ಳೆಯದು.

ಮೊದಲು ಹಳೆಯ ದಾಖಲೆಗಳನ್ನು ಕೂಡಿಸಿಕೊಳ್ಳಿ. 2013ರಲ್ಲಿ ಬಂದ ಡಿಎಸ್‌ಎಂ-5 (ಮಾನಸಿಕ ತೊಂದರೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸಿದ ಕೈಪಿಡಿ) ಮಾನದಂಡದ ಪ್ರಕಾರ, ರೋಗನಿರ್ಣಯ ಆಗುವುದು ಯಾವ ವಯಸ್ಸಿನಲ್ಲೇ ಆಗಲಿ, ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮುಂಚೆ ಕಾಣಿಸಿಕೊಂಡಿರಬೇಕು. ನಿಮ್ಮನ್ನು ಎಂದೂ ನೋಡಿರದ ವೈದ್ಯರಿಗೆ ಇದನ್ನು ತೋರಿಸಿಕೊಡುವುದು ಹೇಗೆ? ಪ್ರಾಥಮಿಕ ಶಾಲೆಯ ಅಂಕಪಟ್ಟಿಯ ಕೆಳಗೆ ಶಿಕ್ಷಕರು ಕೆಂಪು ಶಾಯಿಯಲ್ಲಿ ಬರೆದಿರಬಹುದಾದ ‘ಬುದ್ಧಿವಂತ, ಆದರೆ ಪಾಠದ ಕಡೆ ಲಕ್ಷ್ಯವಿಲ್ಲ’ ಎಂಬಂಥ ಒಂದು ಸಾಲು ಇಲ್ಲಿ ಬಹಳ ನೆರವಾಗುತ್ತದೆ. ಅಂದು ಮನೆಯಲ್ಲಿ ಬೈಗುಳ ತಿನ್ನಿಸಿದ ಆ ಸಾಲೇ ಇಂದು ಪುರಾವೆಯಾಗುತ್ತದೆ. ಇದರ ಜೊತೆಗೆ ಈಗಿನ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ರೋಗನಿರ್ಣಯ ಯಾವಾಗ, ಯಾವ ಪರೀಕ್ಷೆಗಳ ಮೂಲಕ ಆಯಿತು, ಯಾವ ಔಷಧ ಎಷ್ಟು ಮಿಲಿಗ್ರಾಂ ನಡೆಯುತ್ತಿದೆ, ಯಾವುದನ್ನು ಏಕೆ ನಿಲ್ಲಿಸಲಾಯಿತು ಎಂಬುದೆಲ್ಲ ಅದರಲ್ಲಿರಲಿ. ಬ್ರ್ಯಾಂಡ್‌ಗಳು ಬದಲಾಗುವುದರಿಂದ ಔಷಧದ ಮೂಲ ಹೆಸರನ್ನು ಬರೆಸುವುದು ಅಗತ್ಯ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಔಷಧದ ವಿಷಯದಲ್ಲಿ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮತ್ತು ಆಂಫೆಟಮೈನ್ ಎಂಬ ಔಷಧಗಳೆರಡೂ ಮನಸ್ಸಿನ ಮೇಲೆ ಪರಿಣಾಮ ಬೀರುವ ವಸ್ತುಗಳ ಕುರಿತ 1971ರ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿವೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಬರೆದುಕೊಡುವ, ಆಂಫೆಟಮೈನ್ ಇರುವ ಆಡೆರಾಲ್ ಮಾತ್ರೆಯನ್ನು, ವೈದ್ಯರ ಚೀಟಿ ಇದ್ದರೂ, ಜಪಾನಿನೊಳಗೆ ಒಯ್ಯುವಂತಿಲ್ಲ. ಅಲ್ಲಿ ದೀರ್ಘಕಾಲ ಕೆಲಸ ಮಾಡುವ ಮಿಥೈಲ್‌ಫೆನಿಡೇಟನ್ನು ನೋಂದಾಯಿತ ವೈದ್ಯರು ಮಾತ್ರ ಬರೆಯಬಹುದು. ಷೆಂಗೆನ್ ದೇಶಗಳ (ಗಡಿ ತಪಾಸಣೆಯಿಲ್ಲದೆ ಓಡಾಡಲು ಒಪ್ಪಂದ ಮಾಡಿಕೊಂಡಿರುವ ಯುರೋಪಿನ ದೇಶಗಳ) ನಡುವೆ ಪ್ರಯಾಣಿಸುವಾಗ 30 ದಿನಗಳವರೆಗಿನ ಔಷಧಕ್ಕೆ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಫ್ರಾನ್ಸಿನಲ್ಲಿ ಮಿಥೈಲ್‌ಫೆನಿಡೇಟನ್ನು ಮೊದಲ ಬಾರಿಗೆ ಬರೆಯುವ ಅಧಿಕಾರ 2021ರವರೆಗೆ ಆಸ್ಪತ್ರೆಗಳ ತಜ್ಞರಿಗಷ್ಟೇ ಇತ್ತು. ನಿಯಮಗಳು ಹೀಗೆ ಬದಲಾಗುತ್ತಲೇ ಇರುವುದರಿಂದ, ನೀವು ಹೋಗುವ ದೇಶದ ರಾಯಭಾರ ಕಚೇರಿಯಿಂದ ಲಿಖಿತ ಉತ್ತರವನ್ನೇ ಪಡೆಯಿರಿ.

ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಎಡಿಎಚ್‌ಡಿ ಪರೀಕ್ಷೆಗೆ ಕಾಯುವವರ ಪಟ್ಟಿ ಬಹಳ ಉದ್ದವಾಗಿದೆ. ಅಲ್ಲಿಗೆ ತಲುಪಿದ ವಾರದಲ್ಲೇ ಕುಟುಂಬ ವೈದ್ಯರಲ್ಲಿ ಹೆಸರು ನೋಂದಾಯಿಸಿ, ಪರೀಕ್ಷೆ ನಡೆಸುವ ಸಂಸ್ಥೆಯನ್ನು ನೀವೇ ಆಯ್ದುಕೊಳ್ಳುವ ಹಕ್ಕಿನ ಬಗ್ಗೆ ವಿಚಾರಿಸಿ. ಈ ನಡುವೆ ಮಾತ್ರೆ ಮುಗಿದುಹೋದರೆ ಏನು ಮಾಡಬೇಕೆಂಬುದನ್ನು ಹಳೆಯ ವೈದ್ಯರ ಬಳಿ ಹೊರಡುವ ಮುನ್ನವೇ ಕೇಳಿಟ್ಟುಕೊಳ್ಳಿ.

ಚಿಕ್ಕ ಮಕ್ಕಳಿದ್ದರೆ, ಬ್ರಿಟನ್ನಿನ 2018ರ ಮತ್ತು ಅಮೆರಿಕದ ಮಕ್ಕಳ ವೈದ್ಯರ 2019ರ ಮಾರ್ಗಸೂಚಿಗಳೆರಡೂ ಐದು ವರ್ಷದೊಳಗಿನವರಿಗೆ ಔಷಧಕ್ಕಿಂತ ಮೊದಲು ತಂದೆತಾಯಿಗೆ ತರಬೇತಿ ಕೊಡುವಂತೆ ಹೇಳುತ್ತವೆ ಎಂಬುದು ನೆನಪಿರಲಿ. ತರಬೇತಿಗೆ ಕರೆದರೆ ನಿಮ್ಮ ಪಾಲನೆಯಲ್ಲಿ ತಪ್ಪು ಹುಡುಕುತ್ತಿದ್ದಾರೆಂದು ದಯವಿಟ್ಟು ನೊಂದುಕೊಳ್ಳಬೇಡಿ.

ಶಾಲೆಯ ನೆರವು ಆಯಾ ದೇಶದ ಕಾನೂನನ್ನು ಅವಲಂಬಿಸಿದೆ. ಅಮೆರಿಕದಲ್ಲಿ 1973ರ ಪುನರ್ವಸತಿ ಕಾಯ್ದೆಯ 504ನೇ ಕಲಮಿನಡಿ (ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆನ್ನುವ ಕಲಮು) ಶಾಲೆಗೆ ಲಿಖಿತ ಮನವಿ ಸಲ್ಲಿಸಿ, ದಿನಾಂಕವಿರುವ ಪ್ರತಿಯನ್ನು ಇಟ್ಟುಕೊಳ್ಳಿ. ಜಪಾನಿನ 2004ರ ಕಾಯ್ದೆ ಎಡಿಎಚ್‌ಡಿಯನ್ನು ಹೆಸರಿಸಿಯೇ ಬೆಳವಣಿಗೆಯ ತೊಂದರೆಗಳಲ್ಲಿ ಸೇರಿಸಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಮಗುವಿಗೆ ಆ ಪಟ್ಟಿಯಲ್ಲಿರುವ ನಿರ್ದಿಷ್ಟ ಕಲಿಕಾ ತೊಂದರೆಯೂ (ಓದು, ಬರಹ, ಲೆಕ್ಕದಂಥವುಗಳಲ್ಲಿ ಕಾಣುವ ತೊಂದರೆ) ಇರಬಹುದೆನಿಸಿದರೆ ಅದರ ಪರೀಕ್ಷೆಯನ್ನೂ ಮಾಡಿಸಿ. ಎಲ್ಲೇ ಆದರೂ, ‘ಸಹಾಯ ಮಾಡಿ’ ಎನ್ನುವುದಕ್ಕಿಂತ ‘ಸೂಚನೆಗಳನ್ನು ಬರೆದುಕೊಡಿ, ಬಾಗಿಲಿನಿಂದ ದೂರ ಕೂರಿಸಿ, ದೊಡ್ಡ ಕೆಲಸವನ್ನು ಭಾಗ ಮಾಡಿ ಬೇರೆ ಬೇರೆ ಗಡುವು ಕೊಡಿ’ ಎಂದು ಸ್ಪಷ್ಟವಾಗಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಅರ್ಜಿ, ಗಡುವು, ಮರುಪತ್ರ ಇವೆಲ್ಲ ಈ ತೊಂದರೆ ಇರುವವರಿಗೆ ಅತಿ ಕಷ್ಟವಾದ ಕೆಲಸಗಳೇ. ಒಂದೇ ಒಂದು ಕಾಲಂ ತುಂಬದೆ ಅರ್ಜಿ ಮೂರು ವಾರ ಮೇಜಿನ ಮೇಲೆ ಬಿದ್ದಿದ್ದರೆ ಅದಕ್ಕೆ ಸೋಮಾರಿತನ ಕಾರಣವಲ್ಲ. ನಂಬಿಕಸ್ಥರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಬೈಠಕ್ಕಿನಲ್ಲಿ ಮುಗಿಸಿ. ಕಾಗದಗಳನ್ನೆಲ್ಲ ಒಂದೇ ಫೈಲಿಗೆ ಸೇರಿಸಿ, ಪ್ರತಿಯೊಂದರ ಫೋಟೊವನ್ನು ಆ ವ್ಯಕ್ತಿಯ ಫೋನಿನಲ್ಲೂ ಇರಿಸಿ. ಮಾತ್ರೆಗಳನ್ನು ಮೂಲ ಪೆಟ್ಟಿಗೆಯಲ್ಲೇ, ವೈದ್ಯರ ಪತ್ರದೊಂದಿಗೆ, ಕೈಚೀಲದಲ್ಲಿ ಒಯ್ಯಿರಿ.