ಟೋನಿ ಕ್ರೋಸ್ ಶೈಲಿಯ ಪಾಸ್ ಕಲಿಯುವುದು ಹೇಗೆ

2024ರ ಯುರೋ ಕಪ್ಪಿನ ಮೊದಲ ಪಂದ್ಯದಲ್ಲಿ, ಸ್ಕಾಟ್ಲೆಂಡ್ ವಿರುದ್ಧ, ಜರ್ಮನಿಯ ಫುಟ್‌ಬಾಲ್ ಆಟಗಾರ, ಮೈದಾನದ ನಡುಭಾಗದಲ್ಲಿ ಆಡುತ್ತಿದ್ದ ಟೋನಿ ಕ್ರೋಸ್ 102 ಪಾಸ್ ಕೊಟ್ಟರು. ಅದರಲ್ಲಿ 101 ಗುರಿ ಮುಟ್ಟಿದವು. ಈ ಅಂಕಿ ನೋಡಿ ಅಭ್ಯಾಸಕ್ಕೆ ಇಳಿಯುವ ಹುಡುಗರು ನೇರವಾಗಿ ಕಾಲಿನ ಕೆಲಸಕ್ಕೆ ಕೈಹಾಕುತ್ತಾರೆ, ಅಲ್ಲೇ ಎಡವುತ್ತಾರೆ. ಕ್ರೋಸ್ ಕೊಡುತ್ತಿದ್ದ ಪಾಸಿನ ಅರ್ಧ ಕೆಲಸ ಚೆಂಡು ಕಾಲಿಗೆ ಬರುವ ಮೊದಲೇ ಮುಗಿದಿರುತ್ತಿತ್ತು. ಆದ್ದರಿಂದ ಮೊದಲು ಕುತ್ತಿಗೆ, ಆಮೇಲೆ ನಿಲುವು, ಕಾಲು ಕೊನೆಗೆ.

ಕುತ್ತಿಗೆಯ ಅಭ್ಯಾಸಕ್ಕೆ ಒಂದು ಗೋಡೆ, ಒಬ್ಬ ಗೆಳೆಯ ಸಾಕು. ಗೋಡೆಯಿಂದ 6–8 ಮೀಟರ್ ದೂರ ನಿಂತು ಚೆಂಡು ಹೊಡೆಯಿರಿ. ಗೆಳೆಯ ನಿಮ್ಮ ಬೆನ್ನ ಹಿಂದೆ ನಿಂತು ಪ್ರತಿ ಸಲ ಬೇರೆ ಬೇರೆ ಸಂಖ್ಯೆಯ ಬೆರಳು ಎತ್ತಲಿ. ಚೆಂಡು ಮರಳಿ ನಿಮ್ಮ ಕಾಲಿಗೆ ತಾಗುವ ಮುಂಚೆ ಹೆಗಲ ಮೇಲಿಂದ ಹಿಂದಕ್ಕೆ ನೋಡಿ ಆ ಸಂಖ್ಯೆ ಕೂಗಬೇಕು. ಶುರುವಿನಲ್ಲಿ ಎಲ್ಲರೂ ಚೆಂಡು ಕಾಲಿಗೆ ಬಂದ ಮೇಲೆ ತಿರುಗಿ ನೋಡುತ್ತಾರೆ. ಆಗ ಮೊದಲ ಸ್ಪರ್ಶ ಕೆಡುತ್ತದೆ, ಚೆಂಡು ಒಂದು ಗಜ ಆಚೆ ಹಾರುತ್ತದೆ. ಚೆಂಡು ಗೋಡೆಗೆ ಹೋಗುತ್ತಿರುವಾಗಲೇ ನೋಡಿ ಮುಗಿಸಿ, ಮರಳುವಾಗ ಕಣ್ಣು ಚೆಂಡಿನ ಮೇಲಿರಲಿ. ಪಂದ್ಯದಲ್ಲೂ ಇದೇ ಲೆಕ್ಕ: ಚೆಂಡು ಪ್ರಯಾಣದಲ್ಲಿರುವ ಹೊತ್ತೇ ನಿಮಗೆ ಸಿಗುವ ಬಿಡುವು.

ನಿಲುವಿನ ಪಾಠಕ್ಕೆ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ದಿನಗಳ ಕ್ರೋಸ್ ಎಲ್ಲಿ ನಿಲ್ಲುತ್ತಿದ್ದರು ಎಂದು ಗಮನಿಸಿ. ಎಡಗಡೆಯ ಸೆಂಟರ್ ಬ್ಯಾಕ್‌ಗೂ (ಗೋಲಿನ ಮುಂದೆ ನಡುವೆ ನಿಲ್ಲುವ ರಕ್ಷಣಾ ಆಟಗಾರ) ಎಡ ಗೆರೆಗೂ ನಡುವಿನ ಜಾಗಕ್ಕೆ ಇಳಿಯುತ್ತಿದ್ದರು, ಎಡಬದಿಯ ರಕ್ಷಣಾ ಆಟಗಾರ (ಲೆಫ್ಟ್ ಬ್ಯಾಕ್) ಮಾರ್ಸೆಲೊ ಮುಂದಕ್ಕೆ ಓಡುತ್ತಿದ್ದರು. ಬಲಗಾಲಿನ ಆಟಗಾರ ಎಡಬದಿಯಲ್ಲಿ ನಿಂತರೆ ಇಡೀ ಮೈದಾನ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ಎದುರಾಳಿಯ ವಿಂಗರ್‌ಗೆ, ಅಂದರೆ ಬದಿಗೆರೆಯ ಪಕ್ಕ ಆಡುವವನಿಗೆ, ಇಕ್ಕಟ್ಟು: ಕ್ರೋಸ್ ಕಡೆ ಬಂದರೆ ಮಾರ್ಸೆಲೊ ಬಿಡುವಾಗಿ ಸಿಗುತ್ತಾರೆ, ಬರದಿದ್ದರೆ ಕ್ರೋಸ್‌ಗೆ ತಲೆ ಎತ್ತಿ ನೋಡಲು ಸಮಯ. ನೀವು ಅಲ್ಲಿ ಚೆಂಡು ಪಡೆಯುವಾಗ ಎದೆಯನ್ನು ಚೆಂಡಿಗೆ ನೇರವಾಗಿ ಒಡ್ಡಬೇಡಿ. ಸೊಂಟ ಅರ್ಧ ತಿರುಗಿರಲಿ, ಚೆಂಡನ್ನು ನಿಮ್ಮೆದುರು ಹಾಯಲು ಬಿಟ್ಟು ದೂರದ ಕಾಲಲ್ಲಿ ತೆಗೆದುಕೊಳ್ಳಿ. ಹತ್ತಿರದ ಕಾಲಲ್ಲಿ ನಿಲ್ಲಿಸಿದರೆ ಚೆಂಡು ಬಂದ ದಾರಿಯಲ್ಲೇ ವಾಪಸು ಕೊಡುವುದು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ.

ಈಗ ಕಾಲು. ಚೆಂಡು 5ನೇ ಸೈಜ್ ಇರಲಿ. ನಿಯಮದ ಪ್ರಕಾರ ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ). ಗಟ್ಟಿ ಮಣ್ಣಿನ ಮೈದಾನವಾದರೆ 9ರ ಆಸುಪಾಸು ಇಡಿ, ಇಲ್ಲವಾದರೆ ಚೆಂಡು ಪುಟಿದು ಪುಟಿದು ಅಭ್ಯಾಸವೇ ಹಾಳು. ಊರುವ ಕಾಲು ಚೆಂಡಿನ ಪಕ್ಕಕ್ಕೆ ಸುಮಾರು ಒಂದು ಗೇಣು ದೂರ, ಅದರ ಹೆಬ್ಬೆರಳು ಗುರಿಯ ಕಡೆಗೆ. ಹೊಡೆಯುವ ಪಾದದ ಒಳಬದಿ ಚೆಂಡಿನ ನಡುಮಧ್ಯಕ್ಕೆ ತಾಗಲಿ, ಕಣಕಾಲು ಬಿಗಿಯಾಗಿರಲಿ. ಪಾಸ್ ಮೇಲೇಳುತ್ತಿದ್ದರೆ ನೀವು ಹಿಂದಕ್ಕೆ ವಾಲುತ್ತಿದ್ದೀರಿ. ಪಕ್ಕಕ್ಕೆ ಸುತ್ತುತ್ತಿದ್ದರೆ ಕಣಕಾಲು ಸಡಿಲವಾಗಿದೆ, ಅಥವಾ ಊರಿದ ಕಾಲು ಬೇರೆ ಕಡೆ ತಿರುಗಿದೆ. 15 ಮೀಟರ್ ದೂರದಲ್ಲಿ ಎರಡು ಕೋನ್ ಒಂದು ಮೀಟರ್ ಅಂತರದಲ್ಲಿಟ್ಟು ಬಲಗಾಲಲ್ಲಿ 10, ಎಡಗಾಲಲ್ಲಿ 10. ಎರಡರಲ್ಲೂ 8 ಒಳಗೆ ಹೋದ ಮೇಲೆ ಅಂತರವನ್ನು 60 ಸೆಂಟಿಮೀಟರಿಗೆ ಇಳಿಸಿ. ಎಡಗಾಲನ್ನು ಬಿಟ್ಟುಬಿಡಬೇಡಿ. ಕ್ರೋಸ್ ಎಡಗಾಲಲ್ಲೂ ಸಲೀಸಾಗಿ ಆಡುತ್ತಿದ್ದುದರಿಂದಲೇ ಅವರನ್ನು ಒಂದು ಬದಿಗೆ ಒತ್ತಿ ಕಟ್ಟಿಹಾಕುವುದು ಕಷ್ಟವಾಗುತ್ತಿತ್ತು.

ಗುರಿ ಮುಟ್ಟಿದರಷ್ಟೇ ಸಾಲದು, ಸರಿಯಾದ ಕಾಲಿಗೆ ಮುಟ್ಟಬೇಕು. ಪಡೆಯುವವನ ಎಡಕ್ಕೆ ಎದುರಾಳಿ ಇದ್ದರೆ ಚೆಂಡು ಅವನ ಬಲಗಾಲಿಗೆ ಹೋಗಲಿ. ಅವನು ನಿಂತು ಕಾಯಬೇಕಾಗಿ ಬಂದರೆ ಪಾಸ್ ಮೆತ್ತಗಾಯಿತು, ಕಾಲಿಗೆ ಬಡಿದು ಚಿಮ್ಮಿದರೆ ಬಿರುಸಾಯಿತು. ಇದನ್ನು ಪ್ರತಿ ಪಾಸಿನ ನಂತರ ಅವನನ್ನೇ ಕೇಳಿ.

ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ 30–40 ಮೀಟರ್ ಹಾಯುವ ಉದ್ದ ಪಾಸಿಗೆ ತಂತ್ರ ಬೇರೆ. ಓರೆಯಾಗಿ ಎರಡು ಮೂರು ಹೆಜ್ಜೆ ಬನ್ನಿ, ಹೆಬ್ಬೆರಳಿನ ಬುಡದ ಗಟ್ಟಿ ಎಲುಬು ಚೆಂಡಿನ ನಡುವಿಗಿಂತ ತುಸು ಕೆಳಗೆ ತಾಗಲಿ. ಹೊಡೆದ ಮೇಲೆ ಕಾಲು ಬಹಳ ದೂರ ಬೀಸಬೇಡಿ. ಆಗ ಚೆಂಡಿಗೆ ಹಿಮ್ಮುಖ ಸುತ್ತು ಸಿಕ್ಕಿ, ಬಿದ್ದ ಮೇಲೆ ಗೆರೆಯಾಚೆ ಓಡದೆ ನಿಧಾನಿಸುತ್ತದೆ. ಒಂದು ದಿನಕ್ಕೆ 30 ಹೊಡೆತ ಸಾಕು. ಅದಕ್ಕಿಂತ ಹೆಚ್ಚಾದರೆ ತೊಡೆಸಂದಿನ ಸ್ನಾಯು ಹಿಡಿದುಕೊಳ್ಳಬಹುದು, ವಾರಗಟ್ಟಲೆ ಕೂರಬೇಕಾಗಬಹುದು.

ರಕ್ಷಣೆ ಸೀಳುವ ಪಾಸಿಗೆ 2024ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ಗಿಂತ ಒಳ್ಳೆಯ ಪಾಠ ಕಾಣೆ. ಮ್ಯೂನಿಕ್‌ನಲ್ಲಿ, ಕ್ರೋಸ್ ಅವರ ಹಳೆಯ ಕ್ಲಬ್ ಬಯರ್ನ್ ವಿರುದ್ಧ, ರಿಯಲ್ ಮ್ಯಾಡ್ರಿಡ್‌ನ ದಾಳಿಗಾರ ವಿನಿಸಿಯಸ್ ಚೆಂಡಿನ ಕಡೆ ಬಂದಂತೆ ಮಾಡಿದರು. ಬಯರ್ನ್‌ನ ಡಿಫೆಂಡರ್ ಕಿಮ್ ಮಿನ್ ಜೇ ಬೆನ್ನು ಹತ್ತಿ ಮುಂದೆ ಬಂದರು. ಅವರು ಬಿಟ್ಟುಬಂದ ಜಾಗವನ್ನು ಕ್ರೋಸ್ ಕೈಮಾಡಿ ತೋರಿಸಿ, ಚೆಂಡನ್ನು ಅಲ್ಲಿಗೇ ಉರುಳಿಸಿದರು. ವಿನಿಸಿಯಸ್ ತಿರುಗಿ ಓಡಿ ಗೋಲು ಹೊಡೆದರು. ಇದನ್ನು ಮೂವರು ಸೇರಿ ಅಭ್ಯಾಸ ಮಾಡಬಹುದು: ಓಟಗಾರ ಐದಾರು ಹೆಜ್ಜೆ ನಿಮ್ಮತ್ತ ಬರಲಿ, ಡಿಫೆಂಡರ್ ಹಿಂಬಾಲಿಸಲಿ. ಡಿಫೆಂಡರ್‌ನ ತೂಕ ಮುಂಗಾಲ ಮೇಲೆ ಬಿದ್ದ ಕ್ಷಣ ಪಾಸ್ ಹೊರಡಬೇಕು. ಓಟಗಾರ ಪೂರ್ತಿ ತಿರುಗಿ ಓಡಿದ ಮೇಲೆ ಕೊಟ್ಟರೆ, ಪಾಸ್ ಹೊರಡುವಾಗ ಅವನು ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರವಿದ್ದು ಆಫ್‌ಸೈಡ್ ಬಾವುಟ ಏಳುತ್ತದೆ.

ಎಲ್ಲಿ ಕೊಡಬಾರದು ಎಂಬುದನ್ನು ತಿಳಿಯಲು 2018ರ ವಿಶ್ವಕಪ್ಪಿನ ಜರ್ಮನಿ–ಸ್ವೀಡನ್ ಪಂದ್ಯ ನೋಡಿ. ಮೈದಾನದ ನಡುವೆ ಕ್ರೋಸ್ ಕೊಟ್ಟ ಒಂದು ಪಾಸ್ ತಪ್ಪಿತು, ಸ್ವೀಡನ್‌ನ ಟೊಯ್ವೊನೆನ್ ಗೋಲು ಹೊಡೆದರು. ತಂಡ ದಾಳಿಗೆ ಹರಡಿಕೊಂಡಿರುವಾಗ ನಡುಭಾಗದಲ್ಲಿ ಪಾಸ್ ಕೈತಪ್ಪಿದರೆ ಹಿಂದೆ ತಡೆಯುವವರು ಇರುವುದಿಲ್ಲ. ಸಂದೇಹ ಬಂದರೆ ಚೆಂಡು ಬದಿಗೆರೆಯ ಕಡೆ ಹೋಗಲಿ.

ಅದೇ ಪಂದ್ಯದ 95ನೇ ನಿಮಿಷದಲ್ಲಿ ಜರ್ಮನಿಗೆ ಫ್ರೀ ಕಿಕ್. ಗೋಲಿಗೆ ನೇರ ಕೋನ ಕಿರಿದಾಗಿತ್ತು. ಕ್ರೋಸ್ ಚೆಂಡನ್ನು ಜೊತೆ ಆಟಗಾರ ಮಾರ್ಕೊ ರಾಯ್ಸ್‌ಗೆ ಮೆಲ್ಲಗೆ ತಳ್ಳಿದರು, ರಾಯ್ಸ್ ನಿಲ್ಲಿಸಿದರು, ಕ್ರೋಸ್ ದೂರದ ಕಂಬದತ್ತ ಬಾಗಿಸಿ ಹೊಡೆದರು. ಜರ್ಮನಿ 2–1ರಿಂದ ಗೆದ್ದಿತು. ನೀವು ಇದನ್ನು ಮಾಡುವಾಗ ಮೊದಲ ತಳ್ಳುವಿಕೆ ಒಂದು ಮೀಟರ್ ಮೀರದಿರಲಿ, ನಿಲ್ಲಿಸುವವನು ಅಂಗಾಲಿನಿಂದ ಚೆಂಡನ್ನು ಪೂರ್ತಿ ಅಲುಗಾಡದಂತೆ ಹಿಡಿಯಲಿ. ಚೆಂಡು ಇನ್ನೂ ಉರುಳುತ್ತಿದ್ದರೆ ಬಾಗು ಸಿಗದೆ ನೇರ ಗ್ಯಾಲರಿಗೆ ಹೋಗುತ್ತದೆ.